ಒಂಬತ್ತನೇ ಎಳೆ

ಆ ಬೀದಿಯಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಫ್ಯಾನು ತಿರುಗದೆ ನಿಂತರೆ, ನೀರೆತ್ತುವ ಮೋಟಾರು ಸುಟ್ಟ ವಾಸನೆ ಬಿಟ್ಟರೆ, “ತಂತಿಯಮ್ಮನ ಹತ್ರ ತಗೊಂಡ್ ಹೋಗಿ” ಎನ್ನುತ್ತಿದ್ದರು. ಮೋಟಾರು ವೈಂಡಿಂಗ್ ಅಂಗಡಿಗೆ ಕಸ ಗುಡಿಸಲೆಂದು ಸೇರಿದವಳು, ತಂತಿ ಸುತ್ತುವವರ ಬೆನ್ನ ಹಿಂದೆ ನಿಂತು ನೋಡುತ್ತ ನೋಡುತ್ತ ಕೆಲಸ ಕಲಿತಿದ್ದಳು. ಬೆರಳ ತುದಿಗಳಲ್ಲಿ ತಂತಿಗೆ ಬಳಿಯುವ ವಾರ್ನಿಶ್ ಕೂತೂ ಕೂತೂ, ಬೆರಳಿಟ್ಟರೆ ತೆರೆಯಬೇಕಾದ ಅವಳ ಫೋನು ಅವಳನ್ನು ಗುರುತಿಸುವುದನ್ನೇ ಬಿಟ್ಟಿತ್ತು. “ನನ್ನ ಫೋನಿಗೂ ಮಾವನ ಕಾಯಿಲೆ ಬಂದಿದೆ” ಎಂದು ಒಮ್ಮೆ ಮನೆಯಲ್ಲಿ ನಗೆಯಾಡಿದ್ದಳು. ಯಾರೂ ನಗಲಿಲ್ಲ. ಮತ್ತೆ ಆ ಮಾತು ಎತ್ತಲಿಲ್ಲ.

ಮಾವ ಬೀಗ ರಿಪೇರಿ ಮಾಡುತ್ತಿದ್ದವರು. ಊರಲ್ಲಿ ಕೀಲಿಕೈ ಕಳೆದುಕೊಂಡವರಿಗೆಲ್ಲ ಬೇಕಾದವರು. ಈಗ ಅವರೇ ಒಂದೊಂದಾಗಿ ಕಳೆದುಕೊಳ್ಳುತ್ತಿದ್ದರು. ಮೊದಲು ಹೊಸ ಬೀದಿಗಳ ಗುರುತು ಹೋಯಿತು, ಆಮೇಲೆ ವಾರದ ದಿನಗಳು, ಆಮೇಲೆ ಹತ್ತಿರ ಹತ್ತಿರದ ವರ್ಷಗಳು. ಹಳೆಯದೆಲ್ಲ ಹಾಗೇ ಉಳಿದಿತ್ತು. ಬೆಳಗ್ಗೆ ಎದ್ದು ಹಜಾರದ ಕುರ್ಚಿಯಲ್ಲಿ ಕೂತ ಕೂಡಲೇ ಅವರು ಎರಡು ಪ್ರಶ್ನೆ ಕೇಳುತ್ತಿದ್ದರು.

“ಕಿರಿಯ ಎಲ್ಲಿ?”

“ಕೆಲಸಕ್ಕೆ ಹೋಗಿದಾನೆ ಮಾವ.”

“ಗುಂಡ?”

“ಸ್ಕೂಲಿಗೆ ಹೋಗಿದಾನೆ ಮಾವ.”

ಮೊದಲನೆಯದಕ್ಕೆ ತಂತಿಯಮ್ಮ ಉತ್ತರ ಕೊಡುತ್ತಿದ್ದಳು. ಎರಡನೆಯದಕ್ಕೆ ಕೊಡುತ್ತಿದ್ದವಳು ಅವಳ ಓರಗಿತ್ತಿ, ಹಿರಿ ಸೊಸೆ. ತಂತಿಯಮ್ಮ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದಳು. ಗುಂಡ ಅಕ್ಕನ ಒಬ್ಬನೇ ಮಗ. ಎಂಟನೇ ವಯಸ್ಸಿನಲ್ಲಿ ಊರಾಚೆಯ ಕಲ್ಲುಗಣಿಯ ಹೊಂಡದಲ್ಲಿ ಮುಳುಗಿ ಹೋದ ಹುಡುಗ. ಈಜು ಕಲಿಸುತ್ತೇನೆಂದು ಅವನನ್ನು ಕರೆದುಕೊಂಡು ಹೋಗಿದ್ದವನು ಮನೆಯ ಕೊನೆಯ ಮಗ, ಕಿರಿಯ. ಅವನು ಒದ್ದೆ ಬಟ್ಟೆಯಲ್ಲಿ ಹುಡುಗನನ್ನು ಹೊತ್ತುಕೊಂಡು ಬಂದು ಇದೇ ಹಜಾರದಲ್ಲಿ ಮಲಗಿಸಿದ್ದ. ಅಕ್ಕ ಅಂದು ಕಿರುಚಲಿಲ್ಲ, ಹೊಡೆಯಲಿಲ್ಲ. “ಇವನು ಇರೋ ಮನೇಲಿ ನಾನಿರಲ್ಲ” ಎಂದಳು, ಅಷ್ಟೇ. ವಾರ ಕಳೆಯುವುದರೊಳಗೆ ಕಿರಿಯ ಒಂದು ಚೀಲ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ. ಅದಾಗಿ ಹತ್ತು ಹನ್ನೆರಡು ವರ್ಷಗಳಾದರೂ ಅಕ್ಕನ ಬಾಯಲ್ಲಿ ಅವನ ಸುದ್ದಿ ಬಂದಿರಲಿಲ್ಲ. ಮಾವ ಮೊದಲ ಪ್ರಶ್ನೆ ಕೇಳುವಾಗ ಅವಳು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡುತ್ತಿದ್ದಳು. ಎರಡನೆಯದಕ್ಕೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಬಂದು ಉತ್ತರ ಕೊಡುತ್ತಿದ್ದಳು.

ಇದರ ನಡುವೆ ತಂತಿಯಮ್ಮ ಮುಚ್ಚಿಟ್ಟುಕೊಂಡಿದ್ದ ಒಂದು ವಿಷಯವಿತ್ತು. ಕಿರಿಯ ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಊರಿನ ಇನ್ನೊಂದು ತುದಿಯಲ್ಲಿ, ನೀರು ಸರಬರಾಜಿನ ಪಂಪ್ ಹೌಸಿನಲ್ಲಿ ಅವನಿಗೆ ಕೆಲಸ. ಮೋಟಾರು ಸುಟ್ಟಾಗಲೆಲ್ಲ ಗಾಡಿಯಲ್ಲಿ ಹೇರಿಕೊಂಡು ಅವಳ ಅಂಗಡಿಗೇ ಬರುತ್ತಿದ್ದ. ಮೊದಲ ಸಲ ಬಂದಾಗ ಅವಳನ್ನು ನೋಡಿ ವಾಪಸ್ ಹೊರಟಿದ್ದ. ಅವಳೇ ಕರೆದು, ಸ್ಟೂಲು ತಳ್ಳಿ, “ಕೂತ್ಕೋ” ಎಂದಿದ್ದಳು. ಆಮೇಲೆ ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ.

“ಅಪ್ಪ ಹೇಗಿದಾರೆ ಅತ್ತಿಗೆ?”

“ದಿನಾ ನಿನ್ನನ್ನೇ ಕೇಳ್ತಾರೆ.”

ಅವನು ತಲೆ ತಗ್ಗಿಸಿ ಮೋಟಾರಿನ ಬೋಲ್ಟು ಬಿಚ್ಚುತ್ತ ಕೂರುತ್ತಿದ್ದ. ಈ ಭೇಟಿಗಳನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಗಂಡ ಸ್ಕೂಲ್ ವ್ಯಾನ್ ಓಡಿಸುವವನು. ದಿನವಿಡೀ ಮಕ್ಕಳ ಗಲಾಟೆ ಕೇಳಿ ಬಂದು, ಮನೆಯಲ್ಲಾದರೂ ಸದ್ದಿಲ್ಲದಿದ್ದರೆ ಸಾಕು ಎನ್ನುವ ಜಾತಿಯವನು.

ವಂಶವೃಕ್ಷದ ಮಾತು ಶುರುವಾದದ್ದು ಡಾಕ್ಟರಮ್ಮನಿಂದ. ಮಾವನನ್ನು ಪರೀಕ್ಷಿಸಿ, “ಇವರು ಕೂರೋ ಜಾಗದ ಎದುರಿಗೆ ಮನೆಯವರ ಮುಖಗಳನ್ನ ಹಾಕಿ. ಯಾರು ಯಾರ ಮಗ, ಯಾರು ಯಾರ ಹೆಂಡತಿ ಅಂತ ಗೊತ್ತಾಗೋ ಹಾಗಿರಲಿ. ನೋಡ್ತಾ ನೋಡ್ತಾ ಸ್ವಲ್ಪ ದಿನ ಹಿಡ್ಕೊಂಡಿರ್ತಾರೆ” ಎಂದರು. ಕಾಲೇಜಿಗೆ ಹೋಗುವ ತಂತಿಯಮ್ಮನ ಮಗಳು ಗೋಡೆಗೆ ಅಂಟಿಸುವ ವಂಶವೃಕ್ಷದ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದಳು. ತಂತಿಯಮ್ಮನಿಗೆ ಹಿಡಿಸಲಿಲ್ಲ. “ಅಂಟು ಬಿಟ್ಟರೆ ಎಲ್ಲರೂ ನೆಲಕ್ಕೆ. ನಾನೇ ಮಾಡ್ತೀನಿ ಬಿಡು” ಎಂದಳು. ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಂದ ಬಿಚ್ಚಿದ ತಾಮ್ರದ ತಂತಿಗೆ ಬರವಿರಲಿಲ್ಲ. ಬೆಂಕಿ ಕಂಡ ತಾಮ್ರ ಮೆತ್ತಗಿರುತ್ತದೆ, ಹೇಳಿದ ಹಾಗೆ ಬಾಗುತ್ತದೆ. ಯಜಮಾನನನ್ನು ಕೇಳಿ ಒಂದು ಸಿಂಬೆಯಷ್ಟು ಮನೆಗೆ ತಂದಳು.

ಎಲ್ಲರಿಗಿಂತ ಹೆಚ್ಚು ಹುರುಪು ಬಂದದ್ದು ಅಕ್ಕನಿಗೆ. ಅವಳು ಆಸ್ಪತ್ರೆಯ ಹೊಲಿಗೆ ವಿಭಾಗದಲ್ಲಿ ಹೊದಿಕೆ, ಪರದೆ, ಆಪರೇಷನ್ ಕೋಣೆಯ ಬಟ್ಟೆ ಹೊಲಿಯುವವಳು. ಉಳಿದ ಹಸಿರು ಬಟ್ಟೆಯ ಚೂರುಗಳನ್ನು ಜೋಡಿಸಿ, ಪ್ಲೈವುಡ್ ಹಲಗೆಯ ಮೇಲೆ ಸುಕ್ಕಿಲ್ಲದ ಹಾಗೆ ಎಳೆದು ಹೊಲಿದುಕೊಟ್ಟಳು. ಆ ಹಸಿರಿನ ಮೇಲೆ ತಾಮ್ರ ಇಟ್ಟು ಇಬ್ಬರೂ ಹಿಂದೆ ಸರಿದು ನೋಡಿದರು.

“ಚೆನ್ನಾಗಿ ಕಾಣುತ್ತೆ ಕಣೇ” ಎಂದಳು ಅಕ್ಕ. ಅವಳಿಂದ ಇಷ್ಟು ಮಾತು ಹೊರಟದ್ದೇ ಹೆಚ್ಚು.

ತಂತಿ ಮರದಲ್ಲಿ ಒಂದು ಕಟ್ಟುನಿಟ್ಟು ಉಂಟು. ಎಲೆಗಳನ್ನು ಆಮೇಲೆ ಸಿಕ್ಕಿಸಲು ಬರುವುದಿಲ್ಲ. ಒಂದೊಂದು ಎಲೆಗೂ ಒಂದೊಂದು ಎಳೆ ಬೇರಿನಿಂದಲೇ ಹೊರಡಬೇಕು, ಕಾಂಡದಲ್ಲಿ ಉಳಿದ ಎಳೆಗಳ ಜೊತೆ ಹೊಸೆದುಕೊಂಡು ಮೇಲೆ ಬರಬೇಕು, ತನ್ನ ಕೊಂಬೆಯಲ್ಲಿ ಬೇರೆಯಾಗಿ ತುದಿಯಲ್ಲಿ ಎಲೆಯಾಗಿ ಸುತ್ತಿಕೊಳ್ಳಬೇಕು. ಆ ಸುತ್ತಿನೊಳಗೆ ಗುಂಡಿಯಷ್ಟಗಲದ ಮುಖ. ಹಾಗಾಗಿ ಮನೆಯಲ್ಲಿ ಎಷ್ಟು ಜನ ಎನ್ನುವುದು ಮೊದಲ ತಿರುವಿಗೇ ತೀರ್ಮಾನವಾಗಬೇಕು. ತಂತಿಯಮ್ಮ ಯಾರನ್ನೂ ಕೇಳದೆ ತೀರ್ಮಾನ ಮಾಡಿದಳು. ಭಾನುವಾರ ಬೆಳಗ್ಗೆ ಹಜಾರದ ನೆಲದಲ್ಲಿ ಕೂತು, ಉದ್ದುದ್ದ ಎಳೆಗಳನ್ನು ಕತ್ತರಿಸಿ, ಒಟ್ಟಿಗೆ ಹಿಡಿದು ಇಕ್ಕಳದಿಂದ ತಿರುಚತೊಡಗಿದಳು. ಮಾವ ಕುರ್ಚಿಯಿಂದ ಬಾಗಿ ನೋಡುತ್ತಿದ್ದರು. “ಬಿಗಿ ಸಾಲದು” ಎಂದು ಒಂದೆರಡು ಸಲ ಗದರಿದರು ಕೂಡ.

ಕಾಂಡ ಮೊಳದಷ್ಟು ಬೆಳೆಯುವ ಹೊತ್ತಿಗೆ ಮಾವನಿಗೆ ಕುರ್ಚಿಯಲ್ಲೇ ನಿದ್ದೆ ಹತ್ತಿತ್ತು. ಅಕ್ಕ ಬಂದು ಪಕ್ಕದಲ್ಲಿ ಕೂತು, ಇನ್ನೂ ಬಿಡಿಬಿಡಿಯಾಗಿದ್ದ ತುದಿಗಳನ್ನು ಬೆರಳಿಂದ ಬಿಡಿಸುತ್ತ ಎಣಿಸಿದಳು. ಮಾವ, ತೀರಿಕೊಂಡ ಅತ್ತೆ. ತಾನು, ತನ್ನ ಗಂಡ, ಗುಂಡ. ತಂತಿಯಮ್ಮ, ಅವಳ ಗಂಡ, ಮಗಳು. ಬೆರಳು ಕೊನೆಯ ಎಳೆಯ ಮೇಲೆ ನಿಂತಿತು.

“ಇದು ಯಾರದು?”

ತಂತಿಯಮ್ಮನ ಇಕ್ಕಳ ನಿಂತಿತು. ಅಂಗಡಿಯಲ್ಲಿ ಗಿರಾಕಿ ಎಷ್ಟೇ ಕೂಗಾಡಿದರೂ ಬಗ್ಗದವಳು ಇಲ್ಲಿ ಇಕ್ಕಳದ ಹಿಡಿಯನ್ನು ನೋಡುತ್ತ ದನಿ ತಗ್ಗಿಸಿದಳು.

“ಮಾವ ಕೇಳ್ತಾರಲ್ಲ ಅಕ್ಕ, ದಿನಾ… ಅವರಿಗೋಸ್ಕರ ಅಲ್ವಾ ಇದು.”

“ಅವರು ಗುಂಡನ್ನೂ ದಿನಾ ಕೇಳ್ತಾರೆ. ನಾನು ದಿನಾ ಹೇಳ್ತೀನಿ, ಸ್ಕೂಲಿಗೆ ಹೋಗಿದಾನೆ ಅಂತ. ನನ್ನ ಬಾಯಿಂದಾನೇ ಹೇಳ್ತೀನಿ.” ಅಕ್ಕನ ದನಿ ಏರಲಿಲ್ಲ. ಏರಿದ್ದರೇ ಚೆನ್ನಾಗಿತ್ತು ಅನ್ನಿಸಿತು ತಂತಿಯಮ್ಮನಿಗೆ. “ಒಂದು ಮಾತು ಕೇಳ್ಕೋ. ಅವನು ಗೋಡೆ ಹತ್ತಿದ್ರೆ ನನ್ನ ಮಗ ಇಳೀತಾನೆ. ಮಗನ ಹಿಂದೆ ನಾನೂ ಇಳೀತೀನಿ.”

ಅವಳು ಎದ್ದು ಒಳಗೆ ಹೋಗಿ ಗುಂಡನ ಫೋಟೋ ತಂದು ಹಲಗೆಯ ಮೇಲೆ ಇಟ್ಟಳು. ಯಾರದೋ ಹೆಗಲ ಮೇಲೆ ಕೂತು ಬಾಯ್ತುಂಬ ನಗುತ್ತಿರುವ ಹುಡುಗ. ಕೆಳಗಿನ ಅರ್ಧವನ್ನು ಯಾವತ್ತೋ ಕತ್ತರಿಸಿ ತೆಗೆದಿದ್ದರು. ಆದರೂ ಹುಡುಗನ ಕಾಲ ಮೇಲೆ, ಅವನು ಬೀಳದ ಹಾಗೆ ಹಿಡಿದಿದ್ದ ಎರಡು ಬೆರಳು ಉಳಿದುಬಿಟ್ಟಿದ್ದವು. ಯಾರ ಬೆರಳೆಂದು ಇಬ್ಬರಿಗೂ ಗೊತ್ತಿತ್ತು. ತಂತಿಯಮ್ಮ ಫೋಟೋ ತೆಗೆದುಕೊಂಡು, ಮುಖವನ್ನಷ್ಟೇ ಚಿಕ್ಕದಾಗಿ ಮಾಡಿಸಿಕೊಂಡು ಬರಲು ಮಗಳ ಕೈಗೆ ಕೊಟ್ಟಳು.

ಆ ಎಳೆಯನ್ನು ಕತ್ತರಿಸಿದರೆ ಹೊಸೆದ ಕಾಂಡ ಸಡಿಲವಾಗುತ್ತಿತ್ತು. ಅವಳು ಅದನ್ನು ಹಿಂದಕ್ಕೆ ಬಾಗಿಸಿ, ಕಾಂಡದ ಬೆನ್ನಿಗೆ ಒತ್ತಿ ಅಡಗಿಸಿದಳು. ಹೊರಗೆ ಎಂಟು ಎಲೆ ಕಾಣುತ್ತಿದ್ದವು. ಒಂಬತ್ತನೆಯದು ಒಳಗೆ ಉಸಿರು ಕಟ್ಟಿಕೊಂಡಿತ್ತು.

ಮರವನ್ನು ಗೋಡೆಗೆ ಹಾಕಿದ ದಿನ ಮಾವನ ಮುಖ ನೋಡಬೇಕಿತ್ತು. ಕುರ್ಚಿಯಿಂದೆದ್ದು ಹತ್ತಿರ ಹೋಗಿ, ಒಂದೊಂದು ಎಲೆಯನ್ನೂ ಬೆರಳಿಂದ ಮುಟ್ಟಿ, “ಇದು ನಾನು. ಇದು ಅವಳು, ನಮ್ಮವಳು. ಇದು ದೊಡ್ಡವನು. ಇದು ಗುಂಡ” ಎಂದು ಒಪ್ಪಿಸಿದರು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮಗನ ಎಲೆಯನ್ನು ನೋಡುತ್ತಿದ್ದಳು. ಆಗ ಮಾವನ ಬೆರಳು ಹಿಂದಕ್ಕೆ ಹೊರಟಿತು. ಗುಂಡನಿಂದ ದೊಡ್ಡವನಿಗೆ, ಅಲ್ಲಿಂದ ನಡುವಿನವನಿಗೆ, ಅಲ್ಲಿಂದ ಪಕ್ಕದ ಖಾಲಿ ಹಸಿರಿಗೆ.

“ಇಲ್ಲಿ ಒಬ್ಬ ಕಮ್ಮಿ.”

ಮೊಮ್ಮಗಳು ಚಪ್ಪಾಳೆ ನಿಲ್ಲಿಸಿ ಅಮ್ಮನ ಕಡೆ ನೋಡಿದಳು.

“ನನಗೆ ಮೂರು ಗಂಡುಮಕ್ಕಳು. ಮೂರನೇವನು ಎಲ್ಲಿ?”

ಅಡುಗೆಮನೆಯಲ್ಲಿ ನಲ್ಲಿ ತೆರೆದ ಸದ್ದಾಯಿತು.

ಅವತ್ತಿನಿಂದ ಮನೆಯ ನೆಮ್ಮದಿ ಕೆಟ್ಟಿತು. ಮುಂಚೆ ಮಾವ ಬೆಳಗ್ಗೆ ಒಂದು ಸಲ ಕೇಳಿ ಮರೆಯುತ್ತಿದ್ದರು. ಈಗ ಕಣ್ಣೆದುರಿಗೇ ಮರ. ಊಟದ ನಡುವೆ ತಟ್ಟೆ ಸರಿಸಿ ಎದ್ದು ಹೋಗಿ ಖಾಲಿ ಜಾಗವನ್ನು ಉಗುರಿಂದ ಕೆರೆಯುವರು. “ಇಬ್ಬರೂ ಒಟ್ಟಿಗೇ ಹೋದರಲ್ಲ. ಒಬ್ಬ ಬಂದಿದಾನೆ, ಇನ್ನೊಬ್ಬ ಬಂದಿಲ್ಲ” ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕುವರು. ಈ ಮಾತು ಕೇಳಿದಾಗ ತಂತಿಯಮ್ಮನಿಗೆ ಹೊಳೆಯಿತು. ಎಲ್ಲಿಗೆ ಹೋದರು ಎನ್ನುವುದು ಮಾವನ ತಲೆಯಲ್ಲಿ ಉಳಿದಿದೆ, ಆಮೇಲೆ ಏನಾಯಿತು ಎನ್ನುವುದು ಮಾತ್ರ ಅಳಿಸಿಹೋಗಿದೆ.

“ಮರ ತೆಗೆದುಬಿಡೋಣ ಅಕ್ಕ” ಎಂದಳು ಒಂದು ಸಂಜೆ.

“ಯಾಕೆ? ನನ್ನ ಮಗ ಅಲ್ಲಿರೋದು ನಿನಗೆ ಕಷ್ಟವಾಯ್ತಾ?”

ಅಂದಿನಿಂದ ಒಂದೇ ಒಲೆಯಲ್ಲಿ ಇಬ್ಬರೂ ಅಡುಗೆ ಮಾಡುತ್ತಿದ್ದರು, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಗಲದಂತೆ. ಉಪ್ಪಿನ ಡಬ್ಬಿ ಬೇಕಾದರೂ ಕೇಳದೆ ಎಟುಕಿಸಿಕೊಳ್ಳುತ್ತಿದ್ದರು. ಗಂಡ ವ್ಯಾನು ತೊಳೆಯುವ ನೆಪದಲ್ಲಿ ಬೀದಿಯಲ್ಲೇ ಹೊತ್ತು ಕಳೆಯತೊಡಗಿದ.

ಅದು ನಡೆದದ್ದು ಒಂದು ಮಧ್ಯಾಹ್ನ. ತಂತಿಯಮ್ಮ ಅಂಗಡಿಯಲ್ಲಿ ಫ್ಯಾನಿಗೆ ತಂತಿ ಸುತ್ತುತ್ತಿದ್ದಳು. ಫೋನು ಬಡಿದುಕೊಂಡಿತು. ಅಕ್ಕ. ಅಕ್ಕ ಫೋನು ಮಾಡುವವಳೇ ಅಲ್ಲ.

“ಮಾವ ಇಲ್ಲ.”

“ಇಲ್ಲ ಅಂದ್ರೆ?”

“ನಾನು ಕೆಲಸ ಮುಗಿಸಿ ಈಗ ಬಂದೆ. ಬಾಗಿಲು ಹಾರು ಹೊಡೆದಿದೆ. ಇವರು ಒಳಗೆ ನಿದ್ದೆ ಮಾಡ್ತಿದಾರೆ.”

ಭಾವ, ಅಂದರೆ ಅಕ್ಕನ ಗಂಡ, ಪ್ರೆಸ್ಸಿನಲ್ಲಿ ರಾತ್ರಿ ಪಾಳಿ ಮಾಡುವವರು. ಹಗಲು ಮಲಗಿದರೆ ಕಿವಿಯ ಬಳಿ ತಮಟೆ ಬಾರಿಸಿದರೂ ಏಳುವುದಿಲ್ಲ. ಅದಕ್ಕೆಂದೇ ಅವರು ಒಳಗಿನಿಂದ ಬೀಗ ಹಾಕಿ, ಕೀಲಿಕೈಯನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದರು. ತಂತಿಯಮ್ಮ ಒಂದೇ ಉಸಿರಿಗೆ ಮನೆ ಮುಟ್ಟಿದಾಗ ಬೀಗ ಬಾಗಿಲ ಚಿಲಕದಲ್ಲೇ ತೂಗುತ್ತಿತ್ತು, ಕೊಂಡಿ ತೆರೆದುಕೊಂಡು. ಅದರ ಕೀಲಿ ತೂತಿನಲ್ಲಿ ಅಕ್ಕನ ಹೇರ್‌ಪಿನ್ನು ಸಿಕ್ಕಿಕೊಂಡಿತ್ತು. ವಾರದ ದಿನ ಮರೆತವರ ಕೈ ಬೀಗ ತೆರೆಯುವುದನ್ನು ಮರೆತಿರಲಿಲ್ಲ.

ಭಾವ ಬಸ್ ನಿಲ್ದಾಣದ ಕಡೆ ಓಡಿದರು. ತಂತಿಯಮ್ಮನ ಗಂಡ ವ್ಯಾನು ತಿರುಗಿಸಿಕೊಂಡು, ಮಾವನ ಹಳೆಯ ಅಂಗಡಿಯಿದ್ದ ಗಲ್ಲಿಗೆ ಹೋದ. ಅಕ್ಕ ಕೋಣೆ ಕೋಣೆ ಹೊಕ್ಕು ಹೊರಬರುತ್ತಿದ್ದಳು, ಮಂಚದ ಕೆಳಗೂ ಬಗ್ಗಿ ನೋಡಿದಳು. ಬಚ್ಚಲಿಗೆ ಹೋದವಳು ಬಹಳ ಹೊತ್ತು ಈಚೆ ಬರಲಿಲ್ಲ. ತಂತಿಯಮ್ಮ ಇಣುಕಿದಳು. ಅಕ್ಕ ಗೋಡೆಯ ಮೊಳೆಗಳನ್ನು ನೋಡುತ್ತ ನಿಂತಿದ್ದಳು.

“ಟವೆಲ್ ಇಲ್ಲ” ಎಂದಳು. “ಎರಡೂ ಇಲ್ಲ. ದೊಡ್ಡದೊಂದು, ಚಿಕ್ಕದೊಂದು.”

ತಂತಿಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಚಿಕ್ಕ ಟವೆಲ್ಲಿನ ಮೊಳೆಯನ್ನು ಅಕ್ಕ ಮುಟ್ಟುವುದನ್ನು ನೋಡಿದ ಮೇಲೆ ಅರ್ಥವಾಯಿತು. ಮಾವನ ಲೆಕ್ಕದಲ್ಲಿ ಈಜಲು ಹೋದವರು ಇನ್ನೂ ಬಂದಿಲ್ಲ. ಒದ್ದೆ ಮೈಯಲ್ಲಿ ನಿಂತಿರುತ್ತಾರೆ. ಮುದುಕರು ಮಗನಿಗೊಂದು, ಮೊಮ್ಮಗನಿಗೊಂದು ಟವೆಲ್ ತೆಗೆದುಕೊಂಡು ಕರೆತರಲು ಹೊರಟಿದ್ದಾರೆ.

ತಂತಿಯಮ್ಮ ಫೋನು ತೆಗೆದಳು. ಬೆರಳು ಒಪ್ಪದ ಆ ಫೋನನ್ನು ಅಂಕಿಗಳನ್ನು ಒತ್ತಿ ತೆರೆದು, ಅಕ್ಕನ ಎದುರಿಗೇ ನಂಬರು ಹುಡುಕಿದಳು. ಪಂಪ್ ಹೌಸಿನಿಂದ ಕಲ್ಲುಗಣಿಗೆ ಕೂಗಳತೆ. ಮನೆಯಿಂದ ಹೊರಟವರು ಮುಟ್ಟುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರಬಹುದು.

“ಕಿರಿಯ, ನಾನು. ಅಪ್ಪ ಹೊಂಡದ ಹತ್ರ ಬಂದಿರಬೇಕು. ಓಡು.”

ಫೋನು ಕೆಳಗಿಟ್ಟಾಗ ಅಕ್ಕ ಅವಳನ್ನೇ ದಿಟ್ಟಿಸುತ್ತಿದ್ದಳು.

“ಅವನ ನಂಬರು ನಿನ್ನ ಹತ್ರ ಇದೆ.”

“ಇದೆ ಅಕ್ಕ.”

“ಎಷ್ಟು ದಿನದಿಂದ?”

“ಆಮೇಲೆ ಬೈಯಿರಿ. ಈಗ ನಡೀರಿ.”

ಆಟೋದಲ್ಲಿ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಅಕ್ಕ ಹೊರಗೆ ನೋಡುತ್ತಿದ್ದಳು. ಆ ರಸ್ತೆಗೆ ಅವಳು ಇಷ್ಟು ವರ್ಷ ಕಾಲಿಟ್ಟಿರಲಿಲ್ಲ. ಬಸ್ಸು ಆ ಕಡೆಯಿಂದ ಹೋಗುತ್ತದೆಂದರೆ ಎರಡು ಬಸ್ಸು ಬದಲಿಸಿ ಸುತ್ತಿ ಹೋಗುತ್ತಿದ್ದಳು. ಆಟೋ ತಿರುವು ಪಡೆದು ಬಂಡೆಗಳ ನಡುವಿನ ಮಣ್ಣುದಾರಿಗೆ ಇಳಿದಾಗ ಅವಳ ಕೈ ಮುಂದಿನ ಕಂಬಿಯನ್ನು ಹಿಡಿಯಿತು.

ಹೊಂಡದ ಸುತ್ತ ಬೇಲಿ ಹಾಕಿದ್ದರು, ಅದು ಅಲ್ಲಲ್ಲಿ ಹರಿದಿತ್ತು. ಕೆಳಗೆ, ನೀರಿಗೆ ತಾಗಿಕೊಂಡೇ ಇದ್ದ ಒಂದು ಕಲ್ಲಿನ ಚಾಚಿನ ಮೇಲೆ ಮಾವ ಕೂತಿದ್ದರು. ಪಾದಗಳು ನೀರಿನಲ್ಲಿ, ಮಡಿಲಲ್ಲಿ ಮಡಿಸಿದ ಎರಡು ಟವೆಲ್. ಅವರ ಹಿಂದೆ ಮೂರು ಮಾರು ದೂರದಲ್ಲಿ ಕಿರಿಯ ಮಂಡಿಯೂರಿ ಕೂತಿದ್ದ. ಪಾಚಿ ಕಟ್ಟಿದ ಕಲ್ಲು. ಗಾಬರಿ ಬಿದ್ದು ಮಾವ ಒಂದು ಗೇಣು ಸರಿದರೂ ನೀರಿಗೆ.

“ಅಪ್ಪ, ಕೈ ಕೊಡಿ” ಎನ್ನುತ್ತಿದ್ದ ಕಿರಿಯ ಮೆಲ್ಲಗೆ.

“ನೀನ್ಯಾರಪ್ಪ? ದೂರ ಇರು. ನನ್ನ ಮಗ ಬರ್ತಾನೆ, ಅವನ ಜೊತೆ ಹೋಗ್ತೀನಿ.”

“ನಾನೇ ಅಪ್ಪ.”

“ನನ್ನ ಮಗ ಹುಡುಗ. ಮೀಸೆ ಈಗ ಬರ್ತಾ ಇದೆ. ನೀನು ನೋಡಿದ್ರೆ ಕಿವಿ ಹತ್ರ ಆಗಲೇ ನರೆ ಬಂದವನು.” ಮಾವ ಇನ್ನಷ್ಟು ಆಚೆ ಸರಿದರು. ಕಲ್ಲ ಮೇಲಿನ ಪಾಚಿ ಕಿತ್ತು ನೀರಿನಲ್ಲಿ ತೇಲಿತು.

ತಂತಿಯಮ್ಮ ಕಾಲು ಕೆಳಗಿಡಲು ಹೋದಳು. ಕಿರಿಯ ಹಿಂದಕ್ಕೆ ಕೈ ಚಾಚಿ ತಡೆದ. ಆಗ ಅವನಿಗೆ ದೊಡ್ಡ ಅತ್ತಿಗೆ ಕಾಣಿಸಿದಳು. ಅವನ ಮುಖ ಹೇಗಾಯಿತೆಂದು ಹೇಳುವುದು ಕಷ್ಟ. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದನೇನೋ. ಆದರೆ ಅಲ್ಲಿಂದ ಕದಲುವ ಹಾಗಿರಲಿಲ್ಲ.

ಅಕ್ಕ ನೀರನ್ನು ನೋಡಿದಳು. ಮಧ್ಯಾಹ್ನದ ಬಿಸಿಲಿಗೆ ಅದು ಏನೂ ನಡೆಯದ ಹಾಗೆ ಹಸಿರಾಗಿ ಮಲಗಿತ್ತು. ಇನ್ನೊಂದು ಕ್ಷಣಕ್ಕೆ ಅವಳು ತಿರುಗಿ ಹೋಗುತ್ತಾಳೆ ಎಂದುಕೊಂಡಳು ತಂತಿಯಮ್ಮ. ಅಕ್ಕ ಚಪ್ಪಲಿ ಬಿಟ್ಟು, ಬಂಡೆಗೆ ಕೈಯೂರುತ್ತ, ಒಂದೊಂದೇ ಹೆಜ್ಜೆ ಇಳಿದಳು. ಕಿರಿಯನನ್ನು ದಾಟಿ ಮುಂದೆ ಹೋಗುವಾಗ ದಾರಿ ಅಷ್ಟು ಇಕ್ಕಟ್ಟು, ಅವನ ಹೆಗಲು ಹಿಡಿಯದೆ ಗತಿಯಿರಲಿಲ್ಲ. ಹಿಡಿದಳು, ದಾಟಿದಳು, ಕೈ ತೆಗೆದಳು.

“ಮಾವ.”

ಮಾವ ತಿರುಗಿದರು. ಅವಳನ್ನು ಗುರುತಿಸಿ ಮುಖ ಅರಳಿತು. “ಬಂದೆಯಾ ಅಮ್ಮ. ನೋಡು, ಇನ್ನೂ ಬಂದಿಲ್ಲ ಇವರು. ಗುಂಡ ಒದ್ದೇಲಿ ನಿಂತ್ರೆ ನೆಗಡಿ ಆಗುತ್ತೆ.”

ಅಕ್ಕ ಬಗ್ಗಿ ಟವೆಲ್ ಎರಡನ್ನೂ ಎತ್ತಿ ಹೆಗಲಿಗೆ ಹಾಕಿಕೊಂಡಳು.

“ಗುಂಡ ಆಗಲೇ ಬಂದ ಮಾವ. ನೀವು ಏಳಿ.”

“ಬಂದನಾ? ಕಿರಿಯ?”

ಅಕ್ಕ ಹಿಂದಕ್ಕೆ ತಿರುಗಿ ನೋಡದೆ, ಕೈಯನ್ನಷ್ಟೇ ಹಿಂದಕ್ಕೆ ತೋರಿಸಿದಳು.

“ಇವನೇ ಕಿರಿಯ. ಕೈ ಕೊಡಿ ಅವನಿಗೆ.”

ಮಾವ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ನಂಬಿಕೆ ಬಂದಿರಲಿಲ್ಲ. “ನೀನು ಹೇಳಿದ್ರೆ ಸರಿ ಅಮ್ಮ” ಎಂದು ಕೈ ಚಾಚಿದರು. ಕಿರಿಯ ಆ ಕೈಯನ್ನು ಮಣಿಕಟ್ಟಿನಲ್ಲಿ ಬಿಗಿಹಿಡಿದ. ಅಕ್ಕ ಕಂಕುಳಿಗೆ ಕೈ ಕೊಟ್ಟಳು. ಮೂವರೂ ಒಂದೇ ಮೈಯಾಗಿ ಮೇಲೆ ಬಂದರು. ಬಯಲಿಗೆ ಬಂದ ಮೇಲೆ ಅಕ್ಕ ದೊಡ್ಡ ಟವೆಲ್‌ನಿಂದ ಮಾವನ ಪಾದ ಒರೆಸಿದಳು. ಚಿಕ್ಕದನ್ನು ಯಾರ ಕೈಗೂ ಕೊಡಲಿಲ್ಲ. ವ್ಯಾನು ಬರುವ ತನಕ ಎದೆಗೆ ಅವಚಿಕೊಂಡು ಬೆನ್ನು ತಿರುಗಿಸಿ ನಿಂತಿದ್ದಳು.

ಆಮೇಲಿನ ದಿನಗಳಲ್ಲಿ ಅಕ್ಕ ತಂತಿಯಮ್ಮನ ಜೊತೆ ಮಾತು ಬಿಟ್ಟಳು. ಮುನಿಸು ಕಿರಿಯನಿಗಿಂತ ಇವಳ ಮೇಲೆ ಹೆಚ್ಚಿತ್ತು. ತಂತಿಯಮ್ಮ ಒಂದು ಸಂಜೆ ತಾನಾಗಿ ಹೋಗಿ ಹೊಲಿಗೆ ಯಂತ್ರದ ಎದುರು ಕೂತಳು.

“ನಿಮಗೆ ಹೇಳಿದ್ರೆ ನೋಯುತ್ತೆ, ಅವನನ್ನ ಓಡಿಸಿದ್ರೆ ಅವನಿಗೆ ನೋಯುತ್ತೆ. ಎರಡೂ ನನ್ನ ಕೈಯಲ್ಲಿ ಆಗಲಿಲ್ಲ ಅಕ್ಕ.”

“ಅಂಗಡೀಲಿ ಕೂರಿಸಿಕೊಂಡು ಟೀ ಕೊಡ್ತಿದ್ದೆಯಾ?”

“ಕೊಡ್ತಿದ್ದೆ.”

ಯಂತ್ರ ಬಹಳ ಹೊತ್ತು ಓಡಿತು. ಬಟ್ಟೆಯ ಅಂಚು ಮುಗಿದಾಗ ಅಕ್ಕ ದಾರ ಕಡಿದು, ತಲೆಯೆತ್ತದೆ ಹೇಳಿದಳು: “ಹಾಕು ಅವನನ್ನ. ಮಾವ ಮತ್ತೆ ಹುಡುಕ್ಕೊಂಡು ಹೋಗೋದು ಬೇಡ. ಆದರೆ ನನ್ನ ಮಗನ ಪಕ್ಕ ಬೇಡ.”

ಹಾಗೆಂದರೆ ಸುಲಭವಲ್ಲ. ಅಡಗಿಸಿದ ಎಳೆ ಗುಂಡನ ಕೊಂಬೆಯ ಬುಡದಲ್ಲೇ ಇತ್ತು. ತಂತಿಯಮ್ಮ ಮರವನ್ನು ಕೆಳಗಿಳಿಸಿ, ಕಾಂಡವನ್ನು ಅರ್ಧದ ತನಕ ಬಿಚ್ಚಿ, ಆ ಎಳೆಯನ್ನು ಇನ್ನೊಂದು ಬದಿಗೆ ದಾಟಿಸಿ ಮತ್ತೆ ಹೊಸೆದಳು. ಬಿಚ್ಚಿ ಹೊಸೆದ ತಾಮ್ರ ಗಡುಸಾಗುತ್ತದೆ, ಒಂದೆರಡು ಕಡೆ ಮುರಿದು ಬೆಸುಗೆ ಹಾಕಬೇಕಾಯಿತು. ಕಾಂಡ ಮೊದಲಿನಷ್ಟು ನುಣುಪಾಗಿ ಬರಲಿಲ್ಲ. ಮನೆಯಲ್ಲಿ ಕಿರಿಯನ ಹಳೆಯ ಫೋಟೋ ಒಂದೂ ಉಳಿದಿರಲಿಲ್ಲ. ಅತ್ತ ತುದಿಯ ಎಲೆಯೊಳಗೆ ಅವನ ಈಗಿನ ಮುಖ, ಅಂಗಡಿಯಲ್ಲಿ ಅವಳೇ ಫೋನಿನಲ್ಲಿ ತೆಗೆದದ್ದು.

ಮಾವ ಅದನ್ನು ನೋಡಿ, “ಇವನು ಯಾರು?” ಎಂದರು.

ಇಷ್ಟೆಲ್ಲ ಆಗಿ ಹೀಗಾಯಿತಲ್ಲ ಎಂದು ತಂತಿಯಮ್ಮ ನೆಲದ ಮೇಲೆ ಕೂತುಬಿಟ್ಟಳು.

ಕಿರಿಯ ಭಾನುವಾರಗಳಂದು ಮನೆಗೆ ಬರತೊಡಗಿದ. ಅಕ್ಕ ಭಾನುವಾರದ ಪಾಳಿಯನ್ನು ಕೇಳಿ ಹಾಕಿಸಿಕೊಂಡಳು, ಅವನು ಬರುವ ಮುಂಚೆ ಹೊರಟು, ಹೋದ ಮೇಲೆ ಬರುತ್ತಿದ್ದಳು. ಅವನು ತಂದೆಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಉಗುರು ಕತ್ತರಿಸುವನು. ಮಾವ ಅವನನ್ನು ಮಗನೆಂದು ಒಪ್ಪಲೇ ಇಲ್ಲ. ಪಂಪಿನವನು ಎಂದು ಹೆಸರಿಟ್ಟರು. “ಈ ಪಂಪಿನವನು ಒಳ್ಳೆ ಮನುಷ್ಯ, ಕೈ ಮೆತ್ತಗೆ” ಎಂದು ಸೊಸೆಗೆ ಶಿಫಾರಸು ಮಾಡುವರು. ಆಮೇಲೆ ಅವನನ್ನೇ ಕೇಳುವರು, “ನನ್ನ ಕಿರಿ ಮಗನ್ನ ಎಲ್ಲಾದ್ರೂ ನೋಡಿದೆಯೇನಪ್ಪ?”

“ಕೆಲಸಕ್ಕೆ ಹೋಗಿದಾನೆ, ಬರ್ತಾನೆ” ಎನ್ನುತ್ತಿದ್ದ ಕಿರಿಯ, ಸೋಪಿನ ನೊರೆ ತೊಳೆಯುತ್ತ.

ಒಂದು ಭಾನುವಾರ ಆಸ್ಪತ್ರೆಯಲ್ಲಿ ಕರೆಂಟು ಕೈಕೊಟ್ಟು ಹೊಲಿಗೆ ಯಂತ್ರಗಳು ನಿಂತವು. ಅಕ್ಕ ಹೊತ್ತಿಗೆ ಮುಂಚೆಯೇ ಬಂದಳು. ಮಾವ ಸ್ನಾನ ಮುಗಿಸಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಕಿರಿಯ ಬಕೆಟ್ ಹಿಡಿದುಕೊಂಡು ಬಚ್ಚಲಿನಿಂದ ಬಂದವನು ಅವಳನ್ನು ಕಂಡು ಗೋಡೆಗೆ ಅಂಟಿ ನಿಂತ. ತಂತಿಯಮ್ಮ ಅಡುಗೆಮನೆಯ ಹೊಸ್ತಿಲಲ್ಲಿದ್ದಳು. ಒಳಗೆ ಹೋಗಲೂ ಆಗಲಿಲ್ಲ, ಹೊರಗೆ ಬರಲೂ ಆಗಲಿಲ್ಲ.

ಅಕ್ಕ ಚೀಲವನ್ನು ಕೆಳಗಿಟ್ಟಳು.

“ಒಂದು ಕೇಳ್ತೀನಿ. ಸುಳ್ಳು ಹೇಳಬೇಡ.”

“ಹೇಳಲ್ಲ ಅತ್ತಿಗೆ.”

“ಕೊನೆಗೆ ಏನಂದ ಅವನು?”

ಬಕೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಿರಿಯ ಅದನ್ನು ಕೆಳಗಿಡಲೂ ಮರೆತಿದ್ದ.

“ಚಿಕ್ಕಪ್ಪ, ನೋಡು, ಕಾಲು ತಾಗ್ತಿದೆ ಅಂದ. ಅಲ್ಲಿ ಒಂದು ಕಲ್ಲಿತ್ತು ಅತ್ತಿಗೆ, ನೀರೊಳಗೆ. ಅದರ ಮೇಲೆ ನಿಂತಿದ್ದ. ನಾನು ಕೈ ಬಿಟ್ಟಿದ್ದೆ. ಇನ್ನೊಂದು ಹೆಜ್ಜೆ ಇಟ್ಟ, ಅಲ್ಲಿ ಕಲ್ಲಿರಲಿಲ್ಲ. ನಾನು ಮುಳುಗಿ ಹುಡುಕಿದೆ. ಮತ್ತೆ ಮತ್ತೆ ಮುಳುಗಿದೆ. ಸಿಗೋ ಹೊತ್ತಿಗೆ…”

“ಹೆದರಿದ್ದನಾ?”

“ಇಲ್ಲ. ನಗ್ತಿದ್ದ.”

ಅಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಅಳಲಿಲ್ಲ. ತುಟಿ ಅಲುಗುತ್ತಿತ್ತು, ಆ ಎರಡು ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡುತ್ತಿರುವವಳ ಹಾಗೆ. ತಂತಿಯಮ್ಮನ ಕೈಯಲ್ಲಿದ್ದ ಲೋಟದ ಟೀ ತಣ್ಣಗಾಯಿತು.

ಆಮೇಲೆ ಅಕ್ಕ ಎದ್ದಳು. “ಆ ಬಕೆಟ್ ಕೆಳಗಿಡು, ನೆಲವೆಲ್ಲ ಒದ್ದೆ. ಮಾವ ಜಾರಿ ಬೀಳ್ತಾರೆ” ಎಂದಳು. ಬಟ್ಟೆ ತಂದು ನೆಲ ಒರೆಸಲು ತಾನೇ ಬಗ್ಗಿದಳು.

ಅವನನ್ನು ಕ್ಷಮಿಸಿದಳೇ ಎಂದು ತಂತಿಯಮ್ಮನನ್ನು ಗಂಡ ಕೇಳಿದ. ತನಗೆ ಗೊತ್ತಿಲ್ಲ ಎಂದಳು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಮರುದಿನ ಅಕ್ಕ ಆಸ್ಪತ್ರೆಗೆ ಹೋಗಿ, ಭಾನುವಾರದ ಪಾಳಿ ಇನ್ನು ತನಗೆ ಬೇಡ ಎಂದು ಹೇಳಿಬಂದಳು.